ಕಪ್ಪತಗುಡ್ಡಕ್ಕೆ ನಾಲ್ಕು ಆದೇಶಗಳು ಏಕೆ ಬೇಕಾದವು?

ಗದಗಿನ ಪಕ್ಕದ ಬಿಂಕದಕಟ್ಟಿಯಿಂದ ಹೊರಟು, ಶಿರಹಟ್ಟಿ ಮತ್ತು ಮುಂಡರಗಿ ಸೀಮೆಗಳನ್ನು ಹಾದು, ಸಿಂಗಟಾಲೂರಿನ ಬಳಿ ತುಂಗಭದ್ರೆಯ ದಂಡೆಯನ್ನು ಸಮೀಪಿಸುವ ಕಪ್ಪತಗುಡ್ಡದ ಸಾಲು ಅರವತ್ತು ಕಿಲೊಮೀಟರಿಗೂ ಹೆಚ್ಚು ಉದ್ದವಿದೆ. ಗಣಿಗಾರಿಕೆಯೋ ಸಂರಕ್ಷಣೆಯೋ ಎಂದು ಈ ಗುಡ್ಡವನ್ನು ಕುರಿತು ನಡೆದ, ಸರ್ಕಾರದ ನಾಲ್ಕು ಆದೇಶಗಳಿಗೆ ಕಾರಣವಾದ ಜಗಳದ ಮೂಲ ಅದರ ಕಲ್ಲಿನಲ್ಲೇ ಇದೆ. ಧಾರವಾಡ ಶಿಲಾವರ್ಗಕ್ಕೆ ಸೇರಿದ ಅತಿ ಪುರಾತನ ಪದರಶಿಲೆಗಳ ನಡುವೆ ಕಬ್ಬಿಣಯುಕ್ತ ಬೆಣಚುಶಿಲೆಯ ಗಟ್ಟಿ ಪಟ್ಟಿಗಳಿವೆ. ಮೆತ್ತಗಿನ ಬಂಡೆ ಸವೆದು ಬಯಲಾದಾಗಲೂ ಸವೆಯದೆ ಉಳಿದ ಈ ಪಟ್ಟಿಗಳೇ ಏಣುಗಳಾಗಿ ನಿಂತಿವೆ. ಎಂದರೆ, ಗುಡ್ಡವನ್ನು ಗುಡ್ಡವಾಗಿ ಉಳಿಸಿದ್ದೂ ಗಣಿಯವರನ್ನು ಕರೆತಂದದ್ದೂ ಬಹುಮಟ್ಟಿಗೆ ಅದೇ ಕಲ್ಲು. ಚಿನ್ನದ ಆಸೆಯಂತೂ ಹಳೆಯದು: ಹೊಸೂರು, ಕಬಲಾಯತಕಟ್ಟಿಗಳ ಸುತ್ತ ಪ್ರಾಚೀನರು ತೋಡಿದ ಕುಳಿಗಳಿದ್ದವು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳೂ ಅಲ್ಲಿ ಅಗೆದು ನೋಡಿದವು.

ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬೆಳೆದಿರುವುದು ಎಲೆಯುದುರುವ ಒಣ ಕಾಡು ಮತ್ತು ಕುರುಚಲು. ಮಲೆನಾಡನ್ನು ಕಂಡವರಿಗೆ ಇದು ಕಾಡೆಂದೇ ತೋರದಿರಬಹುದು. ಆದರೆ ತೋಳ, ಕತ್ತೆಕಿರುಬ, ಚಿರತೆಗಳ ನೆಲೆಯಾದ ಈ ಗುಡ್ಡಕ್ಕೆ ನಾಟಿ ವೈದ್ಯರು ಔಷಧಿಯ ಬೇರು, ತೊಗಟೆಗಾಗಿ ಬರುತ್ತಾರೆ, ಡಂಬಳದ ಕೆರೆಗೆ ಇಲ್ಲಿನ ಹಳ್ಳಗಳೇ ನೀರು ತರುತ್ತವೆ.

2011ರಲ್ಲಿ ಹಳ್ಳಿಗುಡಿಯ ಬಳಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಯ ಪ್ರಸ್ತಾವ ಜನರ ವಿರೋಧದಿಂದ ಕೈಬಿಟ್ಟುಹೋಯಿತು. 2015ರ ಡಿಸೆಂಬರಿನಲ್ಲಿ ಸರ್ಕಾರವು 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಸ್ಥಳೀಯರ ಅಭಿಪ್ರಾಯ ಕೇಳಿಲ್ಲವೆಂಬ ಕಾರಣ ಮುಂದಿಟ್ಟು 2016ರ ನವೆಂಬರಿನಲ್ಲಿ ಆ ಅಧಿಸೂಚನೆಯನ್ನು ಹಿಂಪಡೆಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಮಾಲೋಚನೆ ಕಡ್ಡಾಯವೆಂಬುದು ನಿಜ; ಆದರೆ ಲೋಪವನ್ನು ಸರಿಪಡಿಸುವ ಬದಲು ಆದೇಶವನ್ನೇ ರದ್ದುಮಾಡಿದ್ದು, ಚಿನ್ನದ ಗಣಿಗಾರಿಕೆಗೆ ಅರ್ಜಿ ಬಾಕಿಯಿದ್ದ ಹೊತ್ತಿನಲ್ಲಿ, ಸಂಶಯಕ್ಕೆ ಎಡೆಮಾಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ 2017ರ ಆರಂಭದಲ್ಲಿ ಅಹೋರಾತ್ರಿ ಧರಣಿ ನಡೆದು, ಏಪ್ರಿಲ್‌ನಲ್ಲಿ ಮೀಸಲು ಸ್ಥಾನ ಮರಳಿತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೊಮೀಟರ್ ಪ್ರದೇಶ ವನ್ಯಜೀವಿ ಧಾಮವಾದಾಗ ಸ್ವಾಮೀಜಿ ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು.

ಇಷ್ಟಾದರೂ ತಕರಾರು ಮುಗಿಯಲಿಲ್ಲ, ಅಂಚಿಗೆ ಸರಿಯಿತು. ಸಾಲಿನ ಉದ್ದಕ್ಕೆ ಧಾಮದ ವಿಸ್ತೀರ್ಣವನ್ನು ಹಂಚಿದರೆ ಸರಾಸರಿ ಅಗಲ ನಾಲ್ಕು ಕಿಲೊಮೀಟರಿನ ಆಸುಪಾಸು. ಇಷ್ಟು ಸಪೂರವಾದ ಕಾಡಿಗೆ ಒಳಭಾಗಕ್ಕಿಂತ ಗಡಿಯೇ ಹೆಚ್ಚು. ಧಾಮಗಳ ಒಳಗೂ ಗಡಿಯಿಂದ ಒಂದು ಕಿಲೊಮೀಟರ್ ವರೆಗೂ ಗಣಿಗಾರಿಕೆ ಸಲ್ಲದೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಆ ಒಂದು ಕಿಲೊಮೀಟರಿನಾಚೆಗೆ ಕಲ್ಲುಕ್ವಾರಿಗಳಿಗೂ ಕ್ರಷರ್‌ಗಳಿಗೂ ಎಷ್ಟು ಅಂತರ ವಿಧಿಸಬೇಕೆಂಬುದರ ಸುತ್ತಲೇ ಈಗಿನ ವಾದಗಳು ನಡೆಯುತ್ತಿವೆ.