ಲಾಕ್‌ಡೌನಿನಲ್ಲಿ ಒಂದನೇ ತರಗತಿಗೆ ಸೇರಿದ ಮಗು ಬರೆಯಲು ಏಕೆ ಹಿಂಜರಿಯುತ್ತದೆ?

ಪ್ರಶ್ನೆ: ನನ್ನ ಮಗ ಈಗ ಆರನೇ ತರಗತಿ. 2020ರ ಮಳೆಗಾಲದಲ್ಲಿ ಮನೆಯೊಳಗೆ, ಮೊಬೈಲಿನ ಎದುರು ಅವನ ಒಂದನೇ ತರಗತಿ ಶುರುವಾಯಿತು. ಕೇಳಿದ್ದಕ್ಕೆಲ್ಲ ಬಾಯಲ್ಲಿ ಸರಿಯಾಗಿ ಉತ್ತರ ಹೇಳುತ್ತಾನೆ. ಬರೆಯಲು ಕುಳಿತರೆ ಹತ್ತು ಸಾಲಿಗೇ ಕೈ ನೋಯುತ್ತದೆ ಎನ್ನುತ್ತಾನೆ, ಪರೀಕ್ಷೆಯಲ್ಲಿ ಕೊನೆಯ ಎರಡು ಪ್ರಶ್ನೆ ಬಿಟ್ಟು ಬರುತ್ತಾನೆ. ಅವನ ಅಕ್ಕನಿಗೆ ಈ ತೊಂದರೆ ಇಲ್ಲ. ಇದು ಸೋಮಾರಿತನವೋ, ಲಾಕ್‌ಡೌನಿನ ಪರಿಣಾಮವೋ? ಈಗ ಸರಿಪಡಿಸಬಹುದೇ?
ಓದುಗರು, ಕಾಂದಿವಲಿ, ಮುಂಬಯಿ

ಉತ್ತರ: ಕಳೆದ ಕೆಲವು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟು ತಾಯಂದಿರ ಬಾಯಿಂದ ಕೇಳಿದ್ದೇನೆ ಎಂದರೆ, ಇದನ್ನು ಒಂದು ಮನೆಯ ಸಮಸ್ಯೆ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಮುಂಬಯಿಯಲ್ಲಿ ಬಹಳ ವರ್ಷ ಪ್ರಾಥಮಿಕ ತರಗತಿಗಳಿಗೆ ಪಾಠ ಮಾಡಿ, ಈಗ ಮನೆಯಲ್ಲಿ ನೆರೆಹೊರೆಯ ಮಕ್ಕಳನ್ನು ಕೂರಿಸಿಕೊಂಡು ಓದಿಸುವವಳಾಗಿ ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗ ಸೋಮಾರಿಯಲ್ಲ. ಕಲಿತದ್ದನ್ನು ಮರೆತವನೂ ಅಲ್ಲ. ಅಕ್ಷರ ಮೂಡುವ ವಯಸ್ಸಿನಲ್ಲಿ, ಬರೆಯುವ ಕೈಯನ್ನು ಪಕ್ಕದಲ್ಲಿ ನಿಂತು ನೋಡಿ ತಿದ್ದುವವರು ಅವನಿಗೆ ಸಿಗಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿಯೂ ಅದನ್ನು ಸರಿಪಡಿಸಬಹುದು. ಆದರೆ ಏನು ತಪ್ಪಿಹೋಗಿದೆ ಎಂದು ತಿಳಿಯದೆ ದಿನಕ್ಕೆ ಎರಡು ಪುಟ ಕಾಪಿ ಬರೆಸಿದರೆ ಅವನಿಗೆ ಬರವಣಿಗೆಯ ಮೇಲೆ ಇನ್ನಷ್ಟು ಬೇಸರ ಬರುತ್ತದೆ, ಅಷ್ಟೇ.

ಆ ದಿನಗಳ ಲೆಕ್ಕವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. 2020ರ ಮಾರ್ಚ್ ನಡುವಿನಲ್ಲಿ ಮುಂಬಯಿಯ ಶಾಲೆಗಳು ಮುಚ್ಚಿದವು. ಮಾರ್ಚ್ 25ರಿಂದ ದೇಶಕ್ಕೇ ಲಾಕ್‌ಡೌನ್ ಆಯಿತು. ಎಂಟರಿಂದ ಮೇಲಿನ ತರಗತಿಗಳು 2021ರ ಅಕ್ಟೋಬರ್ 4ರಂದು ತೆರೆದರೂ, ಒಂದರಿಂದ ಏಳನೇ ತರಗತಿಯ ಮಕ್ಕಳು ಬೆಂಚಿನ ಮೇಲೆ ಕುಳಿತದ್ದು 2021ರ ಡಿಸೆಂಬರ್ 15ರಂದು. ಮೂರು ವಾರ ತುಂಬುವ ಮೊದಲೇ, ಜನವರಿ 4ರಿಂದ, ಮತ್ತೆ ಬಾಗಿಲು ಹಾಕಿತು. ಜನವರಿ 24ಕ್ಕೆ ಮತ್ತೆ ತೆರೆಯಿತು. ಅಂದರೆ ನಿಮ್ಮ ಮಗ ತರಗತಿಯ ಕೋಣೆಯಲ್ಲಿ ಮೊದಲ ಬಾರಿ ಕುಳಿತಾಗ ಎರಡನೇ ತರಗತಿಯ ಅರ್ಧ ವರ್ಷ ಮುಗಿದಿತ್ತು. ಒಂದನೇ ತರಗತಿಯೆಂಬುದು ಅವನ ಪಾಲಿಗೆ ಮನೆಯೊಳಗೇ ಆಗಿಹೋಯಿತು.

ಆ ಮನೆಯಾದರೂ ಹೇಗಿತ್ತು? ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಬಹಳ ಮಂದಿ ಇರುವುದು ಒನ್ ರೂಮ್ ಕಿಚನ್‌ನಲ್ಲಿ, ಚಾಳಿನ ಖೋಲಿಯಲ್ಲಿ ಅಥವಾ 300 ಚದರಡಿಯ ಆಸುಪಾಸಿನ ಫ್ಲ್ಯಾಟಿನಲ್ಲಿ. ಹೋಟೆಲು ಮುಚ್ಚಿ ತಂದೆ ಮನೆಯಲ್ಲಿದ್ದರು, ಅಜ್ಜಿಯ ಟಿ.ವಿ. ಒಂದು ಮೂಲೆಯಲ್ಲಿತ್ತು, ಅಕ್ಕನ ಆನ್‌ಲೈನ್ ಕ್ಲಾಸು ಇನ್ನೊಂದು ಮೂಲೆಯಲ್ಲಿ ನಡೆಯುತ್ತಿತ್ತು, ಮನೆಗಿದ್ದದ್ದು ಎರಡೇ ಫೋನು. ಕಟ್ಟಡದಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಪಾಲಿಕೆಯವರು ಬಂದು ಗೇಟಿಗೆ ಸೀಲ್ ಹಾಕುತ್ತಿದ್ದರು. ಮನೆಯಲ್ಲೇ ಒಬ್ಬರಿಗೆ ಬಂದರಂತೂ ಇದ್ದ ಒಂದು ಕೋಣೆಯನ್ನು ರೋಗಿಗೆ ಬಿಟ್ಟುಕೊಟ್ಟು, ಉಳಿದ ನಾಲ್ಕು ಮಂದಿ ಅಡುಗೆಮನೆಯಲ್ಲಿ ದಿನ ಕಳೆಯಬೇಕಾಗುತ್ತಿತ್ತು. 2020ರ ಮೇ ತಿಂಗಳಲ್ಲಿ ಊರಿಗೆ ಹೊರಟವರು ಉಡುಪಿ, ದಕ್ಷಿಣ ಕನ್ನಡದ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದರು. ಆ ವರ್ಷ ಶಾಲೆಯ ಕೋಣೆಯೊಂದನ್ನು ಹೊಕ್ಕ ಮಕ್ಕಳು ಹೀಗೆ, ಕರಿಹಲಗೆಯ ಕೆಳಗೆ ಚಾಪೆ ಹಾಸಿ ಅಪ್ಪ ಅಮ್ಮನ ನಡುವೆ ಮಲಗಿದವರು. ಇಂಥ ಸ್ಥಿತಿಯಲ್ಲಿ ಮಗುವಿನ ಪೆನ್ಸಿಲ್ ಹಿಡಿತವನ್ನು ಗಮನಿಸಲಿಲ್ಲವಲ್ಲ ಎಂದು ಯಾವ ತಾಯಿಯೂ ತನ್ನನ್ನು ದೂರಿಕೊಳ್ಳಬೇಕಾಗಿಲ್ಲ.

ಈಗ ಕೈಯ ವಿಷಯಕ್ಕೆ ಬರೋಣ. ನನ್ನ ಬಳಿ ಬರುವ ಈ ವಯಸ್ಸಿನ ಒಬ್ಬ ಹುಡುಗ ಬರೆಯುವಾಗ ಅವನ ಎಡಗೈ ಮೇಜಿನ ಕೆಳಗೇ ಇರುತ್ತದೆ. ಪುಸ್ತಕ ಓರೆಯಾಗಿ ಜಾರುತ್ತದೆ. ಅದನ್ನು ನೇರ ಮಾಡಲು ಬಲಗೈಯ ಬರವಣಿಗೆಯನ್ನೇ ನಿಲ್ಲಿಸುತ್ತಾನೆ. ಎರಡು ಸಾಲಿನ ನಂತರ ಮತ್ತೆ ಅದೇ ಕಥೆ. ಎಡಗೈಯಿಂದ ಪುಟ ಒತ್ತಿ ಹಿಡಿ ಎಂದು ನಾಲ್ಕೈದು ದಿನ ಹೇಳಿದ ಮೇಲೆ ಅವನ ತಾಯಿಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಟೀಚರ್, ಆಗ ಅವನ ಎಡಗೈಯಲ್ಲಿ ಮೊಬೈಲ್ ಇರುತ್ತಿತ್ತು’ ಎಂದರು. ಮಂಚದ ಮೇಲೆ ಕಾಲು ಮಡಚಿ ಕುಳಿತು, ತೊಡೆಯ ಮೇಲೆ ನೋಟ್‌ಪುಸ್ತಕ ಇಟ್ಟುಕೊಂಡು, ಎಡಗೈಯಲ್ಲಿ ಫೋನು ಹಿಡಿದು ಬಲಗೈಯಲ್ಲಿ ಅಕ್ಷರ ಕಲಿತ ಮಗು ಅದು. ಪುಟ ಹಿಡಿಯುವ ಅಭ್ಯಾಸ ಆ ಕೈಗೆ ಬರಲೇ ಇಲ್ಲ.

ಕಾಣದೆ ಹೋದದ್ದು ಇನ್ನೂ ಹಲವಿದೆ. ತರಗತಿಯಲ್ಲಿ ಶಿಕ್ಷಕಿ ಸಾಲುಗಳ ನಡುವೆ ನಡೆಯುವಾಗ ಯಾವ ಮಗು ಅಕ್ಷರವನ್ನು ಕೆಳಗಿನಿಂದ ಶುರು ಮಾಡುತ್ತಿದೆ, ಯಾವುದು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದಿದೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಪರದೆಯ ಮೇಲೆ ಕಾಣುತ್ತಿದ್ದದ್ದು ಮಗುವಿನ ಮುಖ ಮಾತ್ರ. ಬೋರ್ಡಿನಿಂದ ನೋಡಿ ಬರೆಯುವುದೂ ಒಂದು ದೊಡ್ಡ ವಿದ್ಯೆ. ತಲೆ ಎತ್ತಿ ನೋಡಿ, ನಾಲ್ಕು ಪದವನ್ನು ಮನಸ್ಸಿನಲ್ಲಿ ಹಿಡಿದು, ತಲೆ ತಗ್ಗಿಸಿ, ಬಿಟ್ಟ ಜಾಗವನ್ನೇ ಹುಡುಕಿ ಬರೆಯಬೇಕು. ದಿನಕ್ಕೆ ನೂರಾರು ಬಾರಿ ಆಗಬೇಕಾದ ಈ ಅಭ್ಯಾಸದ ಬದಲು ಮಕ್ಕಳಿಗೆ ವಾಟ್ಸಾಪಿನಲ್ಲಿ ಪಿಡಿಎಫ್ ಬಂತು. ತರಗತಿಯ ಹೊತ್ತೂ ಕಡಿಮೆಯಿತ್ತು. ಕೇಂದ್ರ ಸರ್ಕಾರ 2020ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಳಿಗಿಂತ ಹೆಚ್ಚು ಆನ್‌ಲೈನ್ ಪಾಠ ಬೇಡ ಎಂದಿತ್ತು. ಕಣ್ಣಿನ ದೃಷ್ಟಿಯಿಂದ ಅದು ಸರಿಯಾದ ಮಿತಿಯೇ. ಆದರೆ ಆ ಹೊತ್ತಿನಲ್ಲಿ ಹೆಚ್ಚಿನ ಪಾಲು ಕೇಳುವುದಕ್ಕೆ ಹೋಗಿ, ಬರೆಯುವುದಕ್ಕೆ ಉಳಿದದ್ದು ಅತ್ಯಲ್ಪ.

ನನ್ನದೇ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಆಗ ಹೋಂವರ್ಕಿನ ಫೋಟೋಗಳು ಸಂಜೆ ಬರುತ್ತಿದ್ದವು. ಕೆಲವು ಪುಟಗಳಲ್ಲಿ ಮೊದಲ ಮೂರು ಸಾಲು ಮಗುವಿನದು, ಉಳಿದದ್ದು ತಾಯಿಯ ದುಂಡು ಅಕ್ಷರ ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಗಂಡನಿಗೆ ಕೆಲಸವಿಲ್ಲ, ಮನೆಯಲ್ಲಿ ಜ್ವರದ ಭಯ, ಅದರ ನಡುವೆ ರಾತ್ರಿ ಹತ್ತಕ್ಕೆ ಮಗುವಿನ ಪುಟ ತುಂಬಿಸಿ ಕಳಿಸಿದ ಆ ತಾಯಿಯನ್ನು ಪ್ರಶ್ನಿಸಲು ನನಗೆ ಮನಸ್ಸಾಗಲಿಲ್ಲ. ನಕ್ಷತ್ರ ಹಾಕಿ ಕಳಿಸಿದೆ. ಅಂದು ಒಂದು ಮಾತು ಹೇಳಿದ್ದರೆ, ಮೂರೇ ಸಾಲು ಸಾಕು, ಅವನೇ ಬರೆಯಲಿ ಎಂದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಅಕ್ಕನಿಗೆ ಏಕೆ ಹೀಗಾಗಲಿಲ್ಲ ಎಂಬುದರಲ್ಲೇ ಈ ಸಮಸ್ಯೆಯ ಒಳಗುಟ್ಟಿದೆ. ಮೊದಮೊದಲು ಮಗು ಒಂದೊಂದು ಅಕ್ಷರವನ್ನೂ ಯೋಚಿಸಿ ಬರೆಯುತ್ತದೆ: ಎಲ್ಲಿ ಶುರು, ಯಾವ ಕಡೆ ತಿರುವು, ಎಲ್ಲಿ ನಿಲ್ಲಬೇಕು. ಎರಡು ಮೂರು ವರ್ಷ ದಿನವೂ ಬರೆದ ಮೇಲೆ ಕೈ ಅದನ್ನು ತಾನಾಗಿಯೇ ಮಾಡುತ್ತದೆ, ಮನಸ್ಸು ಏನು ಬರೆಯಬೇಕು ಎಂಬುದರ ಕಡೆಗೆ ತಿರುಗುತ್ತದೆ. ನಿಮ್ಮ ಮಗಳು ಲಾಕ್‌ಡೌನಿಗೆ ಮೊದಲೇ ಈ ಹಂತವನ್ನು ದಾಟಿರಬೇಕು. ಹಾಗಾಗಿ ಅವಳಿಗೆ ತಪ್ಪಿಹೋದದ್ದು ಪಾಠಗಳು, ಅವನ್ನು ಆಮೇಲೆ ಓದಿಕೊಳ್ಳಬಹುದಾಗಿತ್ತು. ಮಗನಿಗೆ ಆ ಹಂತವೇ ತಪ್ಪಿತು. ಇಂದಿಗೂ ಅವನು ಅಕ್ಷರ ಬಿಡಿಸುವ ಕೆಲಸವನ್ನೂ ಉತ್ತರ ಯೋಚಿಸುವ ಕೆಲಸವನ್ನೂ ಒಟ್ಟಿಗೆ ಮಾಡುತ್ತಿದ್ದಾನೆ. ಅದರ ದಣಿವನ್ನೇ ಅವನು ಕೈ ನೋವು ಎನ್ನುವುದು, ಮತ್ತು ಪೆನ್ಸಿಲನ್ನು ಬಿಗಿಯಾಗಿ ಒತ್ತಿ ಹಿಡಿಯುವುದರಿಂದ ನಿಜವಾದ ನೋವೂ ಇರುತ್ತದೆ.

ಮಹಾರಾಷ್ಟ್ರದ ನಮ್ಮ ಮಕ್ಕಳಿಗೆ ಇನ್ನೊಂದು ಹೊರೆಯೂ ಅದೇ ವರ್ಷ ಬಂತು. ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿಯನ್ನು ಕಡ್ಡಾಯ ಮಾಡುವ 2020ರ ಕಾಯ್ದೆ ಜಾರಿಗೆ ಬಂದದ್ದು 2020–21ರಲ್ಲಿ, ಒಂದನೇ ಮತ್ತು ಆರನೇ ತರಗತಿಯಿಂದ. ಮರಾಠಿ ಕಲಿಯುವುದು ಒಳ್ಳೆಯದೇ. ಈ ನೆಲದ ಅನ್ನ ಉಣ್ಣುವವರಿಗೆ ಅದು ಬರಲೇಬೇಕು. ಆದರೆ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಮಗು ಇಂಗ್ಲಿಷಿನ ಅಕ್ಷರಗಳ ಜೊತೆಗೆ ದೇವನಾಗರಿಯನ್ನೂ ಪರದೆಯ ಮೇಲೆಯೇ ಕಲಿಯಬೇಕಾಯಿತು. ಮರಾಠಿಯನ್ನು ಮಾತಾಡಬಲ್ಲ, ಬರೆಯಲು ಬಾರದ ತಂದೆತಾಯಿಯರಿಗೆ ಅದನ್ನು ತಿದ್ದುವ ದಾರಿಯೂ ಇರಲಿಲ್ಲ.

ಮುಂಬಯಿಯಲ್ಲೇ ಹುಟ್ಟಿದ ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆಯ ಅಂಕಿಗಳು ಇಲ್ಲಿ ಸ್ವಲ್ಪ ಧೈರ್ಯ ಕೊಡುತ್ತವೆ. ಅದು ಗ್ರಾಮೀಣ ಭಾರತದ ಸಮೀಕ್ಷೆ. ಅಳೆಯುವುದು ಮುಖ್ಯವಾಗಿ ಓದು ಮತ್ತು ಲೆಕ್ಕವನ್ನು. 2018ರಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇ. 27.3 ಇದ್ದರೆ, 2022ರಲ್ಲಿ ಶೇ. 20.5ಕ್ಕೆ ಇಳಿದರು. ಆ 2022ರ ಮೂರನೇ ತರಗತಿಯವರೇ ನಿಮ್ಮ ಮಗನ ಓರಗೆಯವರು. ಅದೇ ಮಕ್ಕಳು 2024ರಲ್ಲಿ ಐದನೇ ತರಗತಿಗೆ ಬಂದಾಗ ಎರಡನೇ ತರಗತಿಯ ಆ ಪಾಠವನ್ನೇ ಓದಬಲ್ಲವರ ಪ್ರಮಾಣ ಶೇ. 49ರ ಆಸುಪಾಸಿಗೆ ಬಂದು, ಕೊರೊನಾಕ್ಕೆ ಮೊದಲು ಐದನೇ ತರಗತಿಯಲ್ಲಿದ್ದ ಶೇ. 50.5ಕ್ಕೆ ಹತ್ತಿರವಾಯಿತು. ಓದು ಬಹುಮಟ್ಟಿಗೆ ಚೇತರಿಸಿಕೊಂಡಿದೆ ಎಂದಾಯಿತು. ಬರವಣಿಗೆಗೆ ಮಾತ್ರ ಬೇರೆಯೇ ಅಭ್ಯಾಸ ಬೇಕು.

ಮೊದಲು ಮಾಡಬೇಕಾದ ಕೆಲಸ ನೋಡುವುದು. ಒಂದು ದಿನ ಏನೂ ಹೇಳದೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಅವನ ಕೈಯನ್ನಷ್ಟೇ ಗಮನಿಸಿ. ಬರೆದ ಪುಟದ ಹಿಂಬದಿಯ ಮೇಲೆ ಬೆರಳು ಸವರಿ; ಅಕ್ಷರಗಳು ಉಬ್ಬಿ ಕೈಗೆ ತಾಗಿದರೆ ಅವನು ಬೇಕಾದ್ದಕ್ಕಿಂತ ಬಹಳ ಒತ್ತುತ್ತಿದ್ದಾನೆ. ಆಮೇಲೆ ಬೇರೆ ಬೇರೆ ದಿನ ಐದೈದು ನಿಮಿಷ ಮೂರು ಬಗೆಯಲ್ಲಿ ಬರೆಸಿ: ಪಠ್ಯಪುಸ್ತಕ ನೋಡಿಕೊಂಡು, ನೀವು ಹೇಳಿದ್ದನ್ನು ಉಕ್ತಲೇಖನವಾಗಿ, ಕೊನೆಗೆ ಅವನ ಸ್ವಂತ ಮಾತಿನಲ್ಲಿ. ನೋಡಿ ಬರೆಯುವುದೇ ನಿಧಾನವಾಗಿದ್ದರೆ ತೊಂದರೆ ಕೈಯದು. ನೋಡಿ ಸರಾಗವಾಗಿ ಬರೆದು ಉಕ್ತಲೇಖನದಲ್ಲಿ ತಡವರಿಸಿದರೆ ಕಾಗುಣಿತ, ಸ್ಪೆಲಿಂಗುಗಳದು. ಅವೆರಡೂ ಸರಿಯಿದ್ದು ಸ್ವಂತ ಬರವಣಿಗೆ ಮಾತ್ರ ನಿಂತರೆ, ವಾಕ್ಯ ಕಟ್ಟುವ ಅಭ್ಯಾಸ ಸಾಲದು. ಪುಸ್ತಕ ನೋಡಿ ಸರಿಯಾಗಿ ಬರೆಯುವ ಮಗು ಶಾಲೆಯಲ್ಲಿ ಬೋರ್ಡಿನಿಂದ ತಪ್ಪಾಗಿ ಇಳಿಸಿಕೊಳ್ಳುತ್ತಿದ್ದರೆ ತಡಮಾಡದೆ ಕಣ್ಣು ಪರೀಕ್ಷೆ ಮಾಡಿಸಿ. ಮನೆಯೊಳಗೆ ಪರದೆಗೆ ಅಂಟಿಕೊಂಡಿದ್ದ ಆ ಕಾಲದಲ್ಲಿ ದೂರದ್ದು ಮಸುಕಾಗಿ ಕಾಣುವ ದೋಷ ಎಳೆಯ ಮಕ್ಕಳಲ್ಲಿ ಹೆಚ್ಚಿದ್ದನ್ನು ಬೇರೆ ದೇಶಗಳ ಶಾಲಾ ತಪಾಸಣೆಗಳೂ ತೋರಿಸಿವೆ.

ಕೈಯ ತೊಂದರೆ ಎಂದು ಖಚಿತವಾದರೆ ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನವೂ ಆಗಬೇಕು. ಮೇಜು ಇಲ್ಲದಿದ್ದರೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು, ಗಿಡ್ಡ ಡೆಸ್ಕಿನ ಮೇಲೆ ಬರೆಯಲಿ. ಮಂಚ, ಸೋಫಾ ಬೇಡವೇ ಬೇಡ. ವಾರಕ್ಕೆ ಎರಡೋ ಮೂರೋ ಅಕ್ಷರಗಳನ್ನು ಮಾತ್ರ ಆರಿಸಿಕೊಂಡು ಅವು ಶುರುವಾಗುವ ಜಾಗ, ತಿರುಗುವ ದಿಕ್ಕನ್ನು ತಿದ್ದಿ. ಉಳಿದ ತಪ್ಪುಗಳನ್ನು ಆ ವಾರ ಕಂಡರೂ ಬಿಟ್ಟುಬಿಡಿ. ಚಪಾತಿ ಹಿಟ್ಟು ನಾದಿಸಿ, ಬಟಾಣಿ ಬಿಡಿಸಲು ಹಚ್ಚಿ, ಬೆರಳಿಗೆ ಶಕ್ತಿ ಬರುತ್ತದೆ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಮಾಡಿಸಿದರೆ ತಪ್ಪೇನಿಲ್ಲ, ಮಗುವಿಗೆ ಮನೆಗೆಲಸವಾದರೂ ಬರುತ್ತದೆ. ಆದರೆ ಈ ವಯಸ್ಸಿನಲ್ಲಿ ಕೈಬರಹ ಸುಧಾರಿಸುವುದು ಬರೆಯುವುದರಿಂದಲೇ.

ಬರೆಯುವುದಕ್ಕೆ ಒಂದು ಕಾರಣವೂ ಇರಲಿ. ನನ್ನ ಆ ಹುಡುಗನಿಗೆ ಕಾಪಿ ಪುಸ್ತಕ ಕೊಟ್ಟಾಗ ಆಗದ ಕೆಲಸ ಅವನ ಅಜ್ಜಿಯಿಂದ ಆಯಿತು. ಕಾರ್ಕಳದ ಕಡೆಯ ಆ ಅಜ್ಜಿ ಪ್ರತಿ ಭಾನುವಾರ ಫೋನಿನಲ್ಲಿ ಒಂದು ಅಡುಗೆಯನ್ನು ಹೇಳುತ್ತಾರೆ, ಅವನು ಬರೆದುಕೊಳ್ಳುತ್ತಾನೆ: ಪತ್ರೊಡೆಗೆ ಅಕ್ಕಿ ಎಷ್ಟು, ಹುಳಿ ಎಷ್ಟು, ಎಲೆ ಯಾವುದು. ಮೊದಲು ಇಂಗ್ಲಿಷಿನಲ್ಲಿ ಬರೆಯುತ್ತಿದ್ದವನು ಈಗ ನಡುನಡುವೆ ಕನ್ನಡ ಅಕ್ಷರವನ್ನೂ ಹಾಕುತ್ತಾನೆ. ಮೂರು ಲಿಪಿಯೇ ಹೊರೆ, ಕನ್ನಡವನ್ನು ಸದ್ಯಕ್ಕೆ ಬಿಡಿಸೋಣವೇ ಎಂದು ಕೇಳುವ ತಂದೆತಾಯಿಯರಿಗೆ ನಾನು ಬೇಡ ಎನ್ನುತ್ತೇನೆ. ಅಂಕವಿಲ್ಲದ, ಹೆದರಿಕೆಯಿಲ್ಲದ ಬರವಣಿಗೆ ಆ ಮಗುವಿಗೆ ಇರುವುದು ಅದೊಂದರಲ್ಲೇ.

ಮೂರು ನಾಲ್ಕು ತಿಂಗಳು ಹೀಗೆ ಬಿಡದೆ ಮಾಡಿಯೂ ಬದಲಾವಣೆ ಕಾಣದಿದ್ದರೆ, ಅಥವಾ ಓದುವುದರಲ್ಲಿಯೂ ಅಕ್ಷರ ಬಿಟ್ಟುಹೋಗುವುದು, ಗೊತ್ತಿರುವ ಪದವನ್ನೇ ಪ್ರತಿ ಸಲ ಬೇರೆ ಬೇರೆಯಾಗಿ ಬರೆಯುವುದು ಕಂಡರೆ, ಎಲ್ಲವನ್ನೂ ಲಾಕ್‌ಡೌನಿನ ಮೇಲೆ ಹಾಕಿ ಕುಳಿತುಕೊಳ್ಳಬೇಡಿ. ಬರೆಯುವುದನ್ನು ಕಷ್ಟವಾಗಿಸುವ ಡಿಸ್‌ಗ್ರಾಫಿಯಾ, ಓದುವುದನ್ನು ಕಷ್ಟವಾಗಿಸುವ ಡಿಸ್‌ಲೆಕ್ಸಿಯಾದಂಥ ಕಲಿಕಾ ತೊಂದರೆಗಳು ಕೊರೊನಾ ಬರದಿದ್ದರೂ ಇರುತ್ತಿದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವುಗಳನ್ನು ಗುರುತಿಸುತ್ತದೆ. ಪ್ರಮಾಣಪತ್ರವಿರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಸಿಗುತ್ತದೆ. ಮುಂಬಯಿಯಲ್ಲಿ ಪಾಲಿಕೆಯ ಸಯನ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದರಿಂದ ಮಗುವಿನ ಮೇಲೆ ಹಣೆಪಟ್ಟಿ ಬೀಳುತ್ತದೆ ಎಂಬ ಹೆದರಿಕೆ ನಮ್ಮವರಲ್ಲಿ ಬಹಳ. ದಿನವೂ ‘ಸೋಮಾರಿ’ ಎನ್ನಿಸಿಕೊಳ್ಳುವ ಮಗುವಿಗೆ ಆ ಹಣೆಪಟ್ಟಿ ಆಗಲೇ ಬಿದ್ದಿದೆ.

ಇನ್ನು ಪರೀಕ್ಷೆ. ಕೈಗೆ ವೇಗ ಬರುವವರೆಗೆ ಅವನು ಪ್ರಶ್ನೆಪತ್ರಿಕೆಯಲ್ಲಿ ಹೆಚ್ಚು ಅಂಕದ ಪ್ರಶ್ನೆಗಳನ್ನು ಮೊದಲು ಬರೆದು, ಒಂದು ಪದದ ಉತ್ತರಗಳನ್ನು ಕೊನೆಗೆ ಇಟ್ಟುಕೊಳ್ಳಲಿ. ಹೊತ್ತು ತಪ್ಪಿದರೂ ನಷ್ಟ ಕಡಿಮೆಯಾಗುತ್ತದೆ. ಅವನ ತರಗತಿಯ ಶಿಕ್ಷಕಿಯನ್ನು ಒಮ್ಮೆ ಭೇಟಿಯಾಗಿ, ಮನೆಯಲ್ಲಿ ಬರೆಸಿದ ಆ ಮೂರು ಪುಟಗಳನ್ನು ತೋರಿಸಿ. ಪ್ರತಿ ಪುಟದ ಮೇಲೂ ಅವನ ಕೈಯಲ್ಲೇ ತಾರೀಖು ಬರೆಸಿ ಇಟ್ಟಿರಿ. ಎರಡು ತಿಂಗಳ ನಂತರದ ಪುಟವನ್ನು ಅದರ ಪಕ್ಕದಲ್ಲಿಟ್ಟು ನೋಡುವಾಗ, ಐದು ನಿಮಿಷದಲ್ಲಿ ಎಷ್ಟು ಸಾಲು ಹೆಚ್ಚಾಯಿತು ಎಂದು ಎಣಿಸುವ ಕೆಲಸವನ್ನು ಅವನಿಗೇ ಬಿಡಿ.