ಕೆರೆಯ ಗಡಿ ಬಂತು, ಪಿಆರ್‌ಜೆ ಬರಲಿಲ್ಲ

ಬೆಂಗಳೂರಿನ ಕೆರೆಯೊಂದರ ಗಡಿಯನ್ನು ಪರಿಶೀಲಿಸಲು ಈಚೆಗೆ ನನಗೊಂದು ಶೇಪ್‌ಫೈಲ್, ಅಂದರೆ ಕಂಪ್ಯೂಟರಿನಲ್ಲಿ ತೆರೆಯುವ ನಕ್ಷೆಯ ದತ್ತಾಂಶ, ಬಂದಿತ್ತು. ಶೇಪ್‌ಫೈಲ್ ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದು ಹಲವು ಕಡತಗಳ ಕಟ್ಟು. ಆಕಾರಗಳನ್ನು ಹಿಡಿದಿಡುವ ಎಸ್‌ಎಚ್‌ಪಿ, ಅದರ ಸೂಚಿಯಾದ ಎಸ್‌ಎಚ್‌ಎಕ್ಸ್, ವಿವರಗಳ ಕೋಷ್ಟಕವಾದ ಡಿಬಿಎಫ್, ಈ ಮೂರು ಕಡ್ಡಾಯ. ಸ್ಥಳವನ್ನು ಗುರುತಿಸುವ ಅಂಕಿಗಳು ಯಾವ ನಿರ್ದೇಶಾಂಕ ಪದ್ಧತಿಯವು ಎಂದು ಹೇಳುವ ಪಿಆರ್‌ಜೆ ಮಾತ್ರ ಐಚ್ಛಿಕ. ನನಗೆ ಬಂದ ಕಟ್ಟಿನಲ್ಲಿ ಅದೇ ಇರಲಿಲ್ಲ.

ತೆರೆದು ನೋಡಿದರೆ ಮೊದಲ ಬಿಂದುವಿನ ಅಂಕಿಗಳು 7,81,000 ಮತ್ತು 14,35,000ದ ಆಸುಪಾಸಿನಲ್ಲಿದ್ದವು. ಇವು ಡಿಗ್ರಿಗಳಲ್ಲ, ಮೀಟರುಗಳು. ಭೂಮಿಯನ್ನು ಆರಾರು ಡಿಗ್ರಿಯ ವಲಯಗಳಾಗಿ ಸೀಳಿ ಪ್ರತಿ ವಲಯದಲ್ಲೂ ಬೇರೆಯಾಗಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿ ಇರಬೇಕು ಎಂದು ಈ ಕೆಲಸದಲ್ಲಿ ಪಳಗಿದವರು ಊಹಿಸಬಲ್ಲರು. ಆದರೆ ಯಾವ ವಲಯ? ಪೂರ್ವ ರೇಖಾಂಶ 72ರಿಂದ 78ರವರೆಗಿನದು 43ನೆಯ ವಲಯ, ಅಲ್ಲಿಂದ 84ರವರೆಗಿನದು 44ನೆಯದು. ಬೆಂಗಳೂರು ಮೊದಲನೆಯದರಲ್ಲಿದ್ದರೆ ಕೋಲಾರ ಪಟ್ಟಣ ಎರಡನೆಯದರಲ್ಲಿದೆ. ಇದೇ ಅಂಕಿಗಳನ್ನು 44ನೆಯ ವಲಯದವೆಂದು ಓದಿದರೆ ಕೆರೆ ಆರು ಡಿಗ್ರಿ ಪೂರ್ವಕ್ಕೆ ಸರಿದು ಬಂಗಾಳ ಕೊಲ್ಲಿಯಲ್ಲಿ ತೇಲುತ್ತದೆ.

ಪಿಆರ್‌ಜೆ ಇಲ್ಲವೆಂದು ತಿಳಿಸಿದಾಗ ಎರಡನೆಯ ಸಲ ಅದೂ ಸೇರಿ ಬಂತು. ಆದರೆ ಅದರೊಳಗೆ ಇದ್ದದ್ದು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಪದ್ಧತಿ, ಡಿಗ್ರಿಗಳಲ್ಲಿ. ಅಂಕಿಗಳು ಮಾತ್ರ ಹಿಂದಿನವೇ. ಕಳುಹಿಸಿದವರು ನಕ್ಷೆಯ ತಂತ್ರಾಂಶದಲ್ಲಿ ‘ಲೇಯರ್ ಸಿಆರ್‌ಎಸ್ ನಿಗದಿಪಡಿಸು’ (ಲೇಯರ್ ಎಂದರೆ ನಕ್ಷೆಯ ಒಂದು ಪದರ, ಸಿಆರ್‌ಎಸ್ ಎಂದರೆ ನಿರ್ದೇಶಾಂಕ ಪದ್ಧತಿ) ಎಂಬುದನ್ನು ಒತ್ತಿ, ಪರಿವರ್ತನೆ ಆಯಿತೆಂದು ನಂಬಿದ್ದರು. ನಾನು ಅತಿ ಹೆಚ್ಚು ಸಲ ಕಂಡಿರುವ ತಪ್ಪು ಇದು. ಆ ಆಜ್ಞೆ ಹಣೆಪಟ್ಟಿಯನ್ನಷ್ಟೇ ಬದಲಿಸುತ್ತದೆ. ಅಂಕಿಗಳನ್ನು ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಲೆಕ್ಕಹಾಕಿ ತರುವ ಆಜ್ಞೆ ಬೇರೆಯೇ ಇದೆ. ಪಹಣಿಯಲ್ಲಿ ಗುಂಟೆ ಎಂಬುದನ್ನು ಹೊಡೆದು ಎಕರೆ ಎಂದು ಬರೆದ ಮಾತ್ರಕ್ಕೆ ಹೊಲ ಹಿಗ್ಗುವುದಿಲ್ಲವಷ್ಟೆ. ಹಣೆಪಟ್ಟಿಯೇ ಇಲ್ಲದ ಕಡತ ನನ್ನನ್ನು ಪ್ರಶ್ನೆ ಕೇಳುವಂತೆ ಮಾಡುತ್ತದೆ, ಸುಳ್ಳು ಹಣೆಪಟ್ಟಿಯದು ಕೇಳಲೂ ಬಿಡುವುದಿಲ್ಲ. ಹಾಗಾಗಿ ಎರಡರಲ್ಲಿ ಮೊದಲನೆಯದೇ ನನಗೆ ವಾಸಿ.

ಈ ವಿಷಯದಲ್ಲಿ ಎಲ್ಲವನ್ನೂ ಒಂದೇ ಕಡತದಲ್ಲಿಡುವ ಜಿಯೋಪ್ಯಾಕೇಜಿನ ಪ್ರಾಮಾಣಿಕತೆ ನನಗೆ ಮೆಚ್ಚುಗೆ. ಅದರೊಳಗೆ ಪದ್ಧತಿಗಳಿಗೆಂದೇ ಒಂದು ಕೋಷ್ಟಕವಿದ್ದು, ಪ್ರತಿಯೊಂದು ಲೇಯರೂ ಅದರ ಒಂದು ಸಾಲನ್ನು ಬೆರಳಿಟ್ಟು ತೋರಿಸಲೇಬೇಕು; ‘ಗೊತ್ತಿಲ್ಲ’ ಎನ್ನುವುದಕ್ಕೂ -1 ಮತ್ತು 0 ಎಂಬ ಎರಡು ಸಾಲುಗಳನ್ನು ಕಾದಿರಿಸಲಾಗಿದೆ. ಉಪಗ್ರಹ ಚಿತ್ರಗಳಂಥವನ್ನು ಇಡುವ ಜಿಯೋಟಿಫ್ ಕಡತಗಳಲ್ಲಿ ಈ ಮಾಹಿತಿ ಚಿತ್ರದ ಟ್ಯಾಗುಗಳಲ್ಲೇ ಅಡಕವಾಗಿರುವುದರಿಂದ ಕಡತ ಎಲ್ಲಿಗೆ ಹೋದರೂ ಜೊತೆಗೇ ಹೋಗುತ್ತದೆ.

ನಕ್ಷೆಯನ್ನು ಪಠ್ಯವಾಗಿ ಬರೆದಿಡುವ ಜಿಯೋಜೇಸನ್‌ನ ದಾರಿಯೇ ಬೇರೆ. ಅದರ 2008ರ ನಿರೂಪಣೆಯಲ್ಲಿ ‘ಸಿಆರ್‌ಎಸ್’ ಎಂಬ ಅಂಶವನ್ನು ಬರೆಯಲು ಅವಕಾಶವಿತ್ತು. 2016ರ ಆಗಸ್ಟಿನಲ್ಲಿ ಬಂದ ಆರ್‌ಎಫ್‌ಸಿ 7946 ಎಂಬ ಅಂತರ್ಜಾಲ ಮಾನದಂಡ ಅದನ್ನು ಕೈಬಿಟ್ಟು, ನಿರ್ದೇಶಾಂಕಗಳು ಡಬ್ಲ್ಯುಜಿಎಸ್ 84ರಲ್ಲೇ ಇರಬೇಕು, ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ ಎಂದು ಗೊತ್ತುಮಾಡಿತು. ಹಾಗಿದ್ದೂ ಹಳೆಯ ಅಂಶವನ್ನು ಬರೆಯುವ ತಂತ್ರಾಂಶಗಳು ಇನ್ನೂ ಇವೆ. ಓದುವ ತಂತ್ರಾಂಶ ಅದನ್ನು ಗಮನಿಸುತ್ತದೆಂಬ ಖಾತ್ರಿಯಿಲ್ಲ. ಇದಕ್ಕೆ ಕ್ರಮದ ಗೊಂದಲವೂ ಸೇರುತ್ತದೆ, ಏಕೆಂದರೆ ನಿರ್ದೇಶಾಂಕ ಪದ್ಧತಿಗಳ ಇಪಿಎಸ್‌ಜಿ ಪಟ್ಟಿಯಲ್ಲಿ ಡಬ್ಲ್ಯುಜಿಎಸ್ 84ರ ಸಂಖ್ಯೆಯಾದ 4326ರ ವ್ಯಾಖ್ಯೆಯಲ್ಲಿ ಅಕ್ಷಾಂಶವೇ ಮೊದಲು. ಬೆಂಗಳೂರಿನ 77.59, 12.97 ಎಂಬ ಜೋಡಿಯನ್ನು ಅದಲುಬದಲು ಮಾಡಿ ಓದಿದರೆ ಬಿಂದು ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಆರ್ಕ್ಟಿಕ್ ಕಡಲಿಗೆ ಬೀಳುತ್ತದೆ.

ಕಡಲಿಗೆ ಬಿದ್ದ ಕೆರೆ ಯಾರ ಕಣ್ಣಿಗಾದರೂ ಬಿದ್ದೀತು. ನನಗೆ ಭಯವಿರುವುದು ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳಿಂದ (ಭೂಲಕ್ಷಣ ನಕ್ಷೆಗಳಿಂದ) ಎತ್ತಿದ ಗಡಿಗಳ ಬಗ್ಗೆ. ಅವು ಭೂಮಿಯ ಆಕಾರವನ್ನು ಬೇರೆ ರೀತಿ ಎಣಿಸುವ ಎವರೆಸ್ಟ್ ದೀರ್ಘಗೋಳವನ್ನು ಆಧರಿಸಿದವು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆ ಬಂದ ಓಪನ್ ಸೀರೀಸ್ ನಕ್ಷೆಗಳು ಡಬ್ಲ್ಯುಜಿಎಸ್ 84ರವು. ಎರಡರಲ್ಲೂ ಅಂಕಿಗಳು ಡಿಗ್ರಿಯಲ್ಲೇ, ನೋಡಲು ಒಂದೇ ಥರ. ಹಳೆಯದಕ್ಕೆ 4326 ಎಂಬ ಹಣೆಪಟ್ಟಿ ಅಂಟಿಸಿದರೆ ತಂತ್ರಾಂಶ ತುಟಿಪಿಟಕ್ಕೆನ್ನದೆ ಕೆರೆಯ ಏರಿಯನ್ನು ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿ ತೋರಿಸುತ್ತದೆ, ಆ ಅಂತರದಲ್ಲಿ ಒಂದು ಬಡಾವಣೆಯ ಎರಡು ಬೀದಿಗಳೇ ಇರಬಹುದು.

ಆದ್ದರಿಂದ ನಾನೀಗ ಪಿಆರ್‌ಜೆ ಇದ್ದರೂ ಇನ್ನೊಂದನ್ನು ಕೇಳುತ್ತೇನೆ: ಸ್ಥಳದಲ್ಲಿ ನಿಂತು ಜಿಪಿಎಸ್‌ನಲ್ಲಿ ತೆಗೆದ ಒಂದೇ ಒಂದು ಬಿಂದು, ಕೆರೆಯಾದರೆ ತೂಬಿನದು. ಮೂರನೆಯ ಸಲ ಆ ಕಟ್ಟು 43ನೆಯ ವಲಯದ ಪಿಆರ್‌ಜೆಯೊಂದಿಗೆ ಬಂದಾಗ, ತೂಬಿನ ಬಿಂದು ಏರಿಯ ಗೆರೆಯ ಮೇಲೆಯೇ ಕೂತಿತು.