ಕ್ರೂಸಿಫರ್: ಶಿಲುಬೆ ಹೊರುವವರಿಗೂ ಸಾಸಿವೆ ಗಿಡಕ್ಕೂ ಒಂದೇ ಹೆಸರು

ಇಂಗ್ಲಿಷ್ ಪದಬಂಧದಲ್ಲಿ ‘ಚರ್ಚಿನಲ್ಲಿ ಶಿಲುಬೆ ಹೊರುವವ, ಕೋಸಿನ ಜಾತಿಯ ಗಿಡ, ಎಂಟಕ್ಷರ’ ಅಂತ ಸುಳಿವು ಬಂದರೆ ಉತ್ತರ ಕ್ರೂಸಿಫರ್. ಎರಡು ಅರ್ಥ ಬಾಯಿಪಾಠ ಮಾಡುವುದು ಬೇಡ. ಪದವನ್ನು ಬಿಡಿಸಿದರೆ ಸಾಕು.

ಲ್ಯಾಟಿನ್‌ನಲ್ಲಿ ‘ಕ್ರುಕ್ಸ್’ ಅಂದರೆ ಶಿಲುಬೆ, ‘ಫೆರ್ರೆ’ ಅಂದರೆ ಹೊರು. ಸಮಾಸದಲ್ಲಿ ಮೊದಲ ಪದ ‘ಕ್ರುಕಿ’ ಆಗುತ್ತದೆ, ಇಂಗ್ಲಿಷ್ ಬಾಯಲ್ಲಿ ‘ಕ್ರೂಸಿ’. ಇದೇ ‘ಫರ್’ ಕೋನಿಫರ್‌ನಲ್ಲಿದೆ: ಶಂಕು ಹೊತ್ತ ಮರ. ಅಕ್ವಿಫರ್‌ನಲ್ಲೂ ಇದೆ: ವಿಜಯಪುರದಲ್ಲಿ ಬೋರ್ ಕೊರೆಸಿದಾಗ ತಾಗಬೇಕಾದ, ನೀರು ಹೊತ್ತ ಕಲ್ಲಿನ ಪದರ. ‘ಕ್ರೂಸಿಫೈ’ ಮಾತ್ರ ಬೇರೆ. ಅದರ ಕೊನೆಯಲ್ಲಿರುವುದು ‘ಫಿಗೆರೆ’, ಅಂದರೆ ಜಡಿ. ಹೊರುವುದು ಒಂದು, ಜಡಿಯುವುದು ಇನ್ನೊಂದು. ಇಲ್ಲಿ ಬಹಳ ಜನ ಎಡವುತ್ತಾರೆ.

ಚರ್ಚಿನ ಅರ್ಥ ಸರಳ. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಕ್ಯಾಥೊಲಿಕ್ ಚರ್ಚೂ ಇದೆ, ಆಂಗ್ಲಿಕನ್, ಅಂದರೆ ಇಂಗ್ಲೆಂಡ್ ಚರ್ಚಿನ ಪರಂಪರೆಯ ಚರ್ಚೂ ಇದೆ. ಕ್ರೂಸಿಫರ್ ಅನ್ನುವ ಹೆಸರು ಆಂಗ್ಲಿಕನ್ನರಲ್ಲಿ ಹೆಚ್ಚು ಬಳಕೆ, ಕೆಲಸ ಇಬ್ಬರಲ್ಲೂ ಉಂಟು. ಕ್ಯಾಥೊಲಿಕ್ ಕ್ರಮದಲ್ಲಿ ಧೂಪ ಇದ್ದರೆ ಧೂಪದವರು ಮುಂದೆ (ಅವರ ಹೆಸರು ಥುರಿಫರ್, ಅದೇ ‘ಫರ್’). ಅವರ ಹಿಂದೆ ಮೇಣದ ಬತ್ತಿ ಹಿಡಿದವರು, ಆ ಬತ್ತಿಗಳ ನಡುವೆ ಶಿಲುಬೆ. ಬಲಿಪೀಠದ ಬಳಿ ಉಳಿದವರು ಮೊಣಕಾಲೂರಿದರೂ ಶಿಲುಬೆ ಹಿಡಿದವರು ಊರುವುದಿಲ್ಲ, ತಲೆ ಬಾಗಿಸುತ್ತಾರೆ ಅಷ್ಟೆ.

ಇನ್ನು ಗಿಡ. ಕುಟುಂಬದ ಹಳೆಯ ಹೆಸರು ಕ್ರೂಸಿಫೆರೆ, ಈಗಿನದು ಬ್ರಾಸಿಕೇಸಿ. ಸಸ್ಯನಾಮಕರಣದ ನಿಯಮ ಎರಡನ್ನೂ ಒಪ್ಪುತ್ತದೆ. ಗಿಡ ಹೊತ್ತ ಶಿಲುಬೆ ಅದರ ಹೂವು: ನಾಲ್ಕು ದಳ, ಎರಡೆರಡು ಎದುರುಬದುರು.

ನೋಡಲು ಸಾಸಿವೆ ಹೂವನ್ನೇ ತೆಗೆದುಕೊಳ್ಳಿ, ಮೂಲಂಗಿಯದ್ದಾದರೂ ಆದೀತು. ಕೀಳದೆ ಬಿಟ್ಟ ಮೂಲಂಗಿ ಕಾಂಡ ಎತ್ತಿ, ನೇರಳೆ ಗೆರೆಯ ಬಿಳಿ ಹೂ ಬಿಡುತ್ತದೆ. ಮೊದಲು ಹೊರಗಿನ ನಾಲ್ಕು ಪುಷ್ಪಪತ್ರಗಳನ್ನು ಸೂಜಿಯಿಂದ ಬಿಡಿಸಿ, ಆಮೇಲೆ ದಳ. ಪ್ರತಿ ದಳದ ಬುಡ ಚಮಚದ ಹಿಡಿಯಂತೆ ಸಪೂರ, ತುದಿ ಅಗಲ. ಆ ಅಗಲದ ತುದಿಗಳೇ ಮೇಲಿಂದ ಶಿಲುಬೆಯಾಗಿ ಕಾಣುವುದು. ಒಳಗೆ ಕೇಸರ, ಅಂದರೆ ಪರಾಗ ಹೊತ್ತ ಎಳೆ, ಆರು: ಒಳಸುತ್ತಿನಲ್ಲಿ ಉದ್ದದವು ನಾಲ್ಕು, ಹೊರಸುತ್ತಿನಲ್ಲಿ ಗಿಡ್ಡವು ಎರಡು. ಪ್ರಯೋಗ ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ಗಿಡ್ಡ ಕೇಸರಗಳು ಬದಿಯಲ್ಲಿ ತಗ್ಗಾಗಿರುತ್ತವೆ. ದಳವನ್ನು ಜಗ್ಗಿ ಕಿತ್ತರೆ ಜೊತೆಗೇ ಉದುರಿ, ‘ಕೇಸರ ನಾಲ್ಕು’ ಎಂದು ಬರೆದುಬಿಡುತ್ತೇವೆ. ದಳವನ್ನು ಬುಡದಲ್ಲಿ ಹಿಡಿದು ಒಂದೊಂದಾಗಿ ತೆಗೆಯಿರಿ.

ಒಣಗಿದ ಸಾಸಿವೆ ಕಾಯಿಯನ್ನೂ ಒತ್ತಿ ನೋಡಿ. ಎರಡು ಸಿಪ್ಪೆ ಬುಡದಿಂದ ಮೇಲಕ್ಕೆ ಬಿಚ್ಚಿಕೊಂಡು ಬೀಳುತ್ತವೆ, ನಡುವೆ ಚೌಕಟ್ಟಿಗೆ ಬಿಗಿದ ತೆಳ್ಳನೆಯ ಬಿಳಿ ಪೊರೆ ಉಳಿಯುತ್ತದೆ. ಈ ಕಾಯಿಗೆ ಸಿಲಿಕ್ವಾ ಎನ್ನುತ್ತಾರೆ. ಮೂಲಂಗಿ ಕಾಯಿ ಹೀಗೆ ತಾನಾಗಿ ಬಿರಿಯುವುದಿಲ್ಲ.

ನಾಲ್ಕು ದಳ ಕಂಡದ್ದೆಲ್ಲ ಕ್ರೂಸಿಫರ್ ಅಲ್ಲ. ಹೊಲದ ಬದುವಿನ ನಾಯಿಸಾಸಿವೆ ಹೆಸರಿನಿಂದಲೂ ರೂಪದಿಂದಲೂ ಮೋಸ ಮಾಡುತ್ತದೆ: ಹಳದಿ ಹೂ, ನಾಲ್ಕು ದಳ, ಉದ್ದ ಕಾಯಿ. ಆದರೆ ದಳಗಳೆಲ್ಲ ಒಂದೇ ಕಡೆ ವಾಲಿರುತ್ತವೆ, ಕೇಸರ ಆರಕ್ಕಿಂತ ಹೆಚ್ಚು, ಗಿಡ ಮುಟ್ಟಿದರೆ ಕೈಗೆ ಅಂಟು. ಅದು ಕ್ಲಿಯೋಮೇಸಿ, ಪಕ್ಕದ ಕುಟುಂಬ. ಕೇಪಳಕ್ಕೂ ನಾಲ್ಕೇ ಎಸಳು, ಆದರೆ ಬುಡದಲ್ಲಿ ಕೂಡಿ ಕೊಳವೆಯಾಗಿವೆ.

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ನಾಲ್ಕೂ ಒಂದೇ ಪ್ರಭೇದ. ಆದರೂ ಬೆಳಗಾವಿ ಸುತ್ತಿನ ಕೋಬಿ (ಎಲೆಕೋಸು) ಹೊಲದಲ್ಲಿ ಶಿಲುಬೆ ಹುಡುಕಿದರೆ ಸಿಗಲಿಕ್ಕಿಲ್ಲ. ಕೋಬಿ ಹೂ ಬಿಡಲು ಕೆಲವು ವಾರ ಗಟ್ಟಿ ಚಳಿ ಬೇಕು. ಅದಕ್ಕೇ ಅದರ ಬೀಜ ಹೆಚ್ಚಾಗಿ ಹಿಮಾಲಯದ ಗುಡ್ಡಗಳಲ್ಲಿ ತಯಾರಾಗುತ್ತದೆ. ನಾವು ಗಡ್ಡೆ ಕಟ್ಟಿದ ಕೂಡಲೇ ಕೊಯ್ದುಬಿಡುತ್ತೇವೆ.

ಕುಟುಂಬದ ಇನ್ನೊಂದು ಗುರುತು ಘಾಟು. ಸಾಸಿವೆ ಅರೆದು ನೀರು ಬೆರೆಸಿದಾಗ ಅದರ ಗಂಧಕಯುಕ್ತ ಸಂಯುಕ್ತವನ್ನು ಒಂದು ಕಿಣ್ವ ಒಡೆಯುತ್ತದೆ, ಘಾಟು ಮೂಗಿಗೆ ಏರುತ್ತದೆ. ಒಗ್ಗರಣೆಯ ಸಾಸಿವೆಗೆ ಆ ಘಾಟಿಲ್ಲ, ಕಾದ ಎಣ್ಣೆ ಕಿಣ್ವವನ್ನು ಕೆಡಿಸುತ್ತದೆ.

ಕೋಸನ್ನು ತೂತು ಮಾಡುವುದು ವಜ್ರಬೆನ್ನಿನ ಪತಂಗದ ಮರಿಹುಳು; ಆ ಪತಂಗ ಇದೇ ವಾಸನೆ ಹಿಡಿದು ಬರುತ್ತದೆ. ಆದ್ದರಿಂದ 25 ಸಾಲು ಕೋಸಿಗೆ ಒಂದು ಜೋಡಿ ಸಾಲು ಸಾಸಿವೆ ಹಾಕುವ ಶಿಫಾರಸು ಇದೆ: ಒಂದು ಸಾಲು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದು ನಾಟಿಯಾಗಿ 25 ದಿನಕ್ಕೆ. ಪತಂಗ ಸಾಸಿವೆಯ ಮೇಲೆ ಮೊಟ್ಟೆ ಇಡುತ್ತದೆ, ಔಷಧ ಅಲ್ಲಿಗೆ ಹೊಡೆಯಬೇಕು. ಎರಡೂ ಸಾಲನ್ನು ಒಟ್ಟಿಗೇ ಬಿತ್ತಿದರೆ ಗಡ್ಡೆ ಕಟ್ಟುವ ಹೊತ್ತಿಗೆ ಸಾಸಿವೆ ಒಣಗಿ, ಹುಳು ಕೋಸಿಗೇ ತಿರುಗುತ್ತದೆ.